ಈ ವಾರ ಗೊತ್ತಿಲ್ಲ

ಹೋದ ತಿಂಗಳು ಗುಂಡ್ಲುಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ರೇಟಪ್ಪನವರ ಸಿನಿಮಾ ತೋರಿಸಿದರು. ಸಿನಿಮಾ ಅಂದರೆ ಹಾಡು, ಹೊಡೆದಾಟ ಇರುವಂಥದ್ದಲ್ಲ, ಡಾಕ್ಯುಮೆಂಟರಿ. ಅದರಲ್ಲಿ ನಾನೂ ಎರಡು ಕಡೆ ಬರುತ್ತೇನೆ. ಒಂದು ಕಡೆ ಮಾತಾಡುತ್ತೇನೆ, ಇನ್ನೊಂದು ಕಡೆ ಹಿಂದೆ ನಿಂತು ಕನ್ನಡಕ ಒರೆಸುತ್ತಿರುತ್ತೇನೆ. ಬಾಯಿ ಬಿಡದಿರುವ ಕಡೆಯೇ ಚೆನ್ನಾಗಿ ಕಾಣುತ್ತೇನೆ ಅಂತ ನನ್ನ ಹೆಂಡತಿಯ ಅಭಿಪ್ರಾಯ. ಅದನ್ನು ನೋಡಲೇಬೇಕಾಗಿದ್ದವರು ಮಾತ್ರ ಅಲ್ಲಿರಲಿಲ್ಲ. ರೇಟಪ್ಪನವರು ತೀರಿಕೊಂಡು ಆಗಲೇ ಐದಾರು ತಿಂಗಳಾಗಿತ್ತು.

ರೇಟಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಸಂತೆ ಇಟ್ಟ ಹೆಸರು. ಇಟ್ಟ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪೊಲೀಸರ ಕಾಗದದಲ್ಲಿ, ಕೋರ್ಟಿನ ಕಾಗದದಲ್ಲಿ, ಪೇಪರುಗಳಲ್ಲಿ ಅದು ಬೇಕಾದಷ್ಟು ಸಲ ಅಚ್ಚಾಗಿದೆ. ಇನ್ನೊಂದು ಸಲ ಅಚ್ಚಾಗುವುದು ಬೇಡ ಅನ್ನುವುದು ನಾನು ಅವರಿಗೆ ಕೊಡಬಹುದಾದ ಸಣ್ಣ ಮರ್ಯಾದೆ.

ಚಾಮರಾಜನಗರದಲ್ಲಿ ನನ್ನದೊಂದು ಪ್ರೆಸ್ಸಿತ್ತು. ಮದುವೆ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಎಲ್ಲ ಪಕ್ಷದವರ ಕರಪತ್ರ. ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ಹುಟ್ಟೂರು ಹರವೆ. ವಯಸ್ಸಿನಲ್ಲಿ ಗುಂಡ್ಲುಪೇಟೆಯ ಒಂದು ಅರಿಶಿನದ ಮಂಡಿಯಲ್ಲಿ ಹರಾಜು ಕೂಗುತ್ತಿದ್ದರಂತೆ. ಕೂಗಿ ಕೂಗಿ ಗಂಟಲು ಹೋದ ಮೇಲೆ ಬರೆಯುವುದಕ್ಕೆ ಹಿಡಿದರು. ಒಂದೇ ಹಾಳೆ, ಎರಡೂ ಮಗ್ಗುಲು ಅಚ್ಚು. ಅರಿಶಿನ, ಚೆಂಡುಹೂ, ಈರುಳ್ಳಿ, ಬೆಳ್ಳುಳ್ಳಿ, ಟೊಮ್ಯಾಟೊ, ಬರುವ ವಾರ ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಅಂತ ನಾಲ್ಕು ನಾಲ್ಕು ಸಾಲು. ಮಂಗಳವಾರ ಬೆಳಿಗ್ಗೆ ನನ್ನ ಪ್ರೆಸ್ಸಿಗೆ ಬಂದು ಕೂತು ಬರೆಯುತ್ತಿದ್ದರು. ಸಂಜೆ ಬಸ್ಸಿಗೆ ಹಾಳೆಗಳ ಕಟ್ಟು ತೆರಕಣಾಂಬಿಗೂ ಗುಂಡ್ಲುಪೇಟೆಗೂ ಹೋಗುತ್ತಿತ್ತು. ಬಸ್ ಸ್ಟ್ಯಾಂಡಿನ ಬೀಡಿ ಅಂಗಡಿಗಳಲ್ಲಿ ಬುಧವಾರ ಮಧ್ಯಾಹ್ನಕ್ಕೆಲ್ಲ ಒಂದೂ ಉಳಿಯುತ್ತಿರಲಿಲ್ಲ.

ಅವರ ಅಂಗಿಯ ಜೇಬು ಯಾವಾಗಲೂ ಹಳದಿ. ಅದರಲ್ಲಿ ಒಣಗಿದ ಅರಿಶಿನದ ಕೊಂಬುಗಳು. ಯಾರ ಮನೆಯ ಅರಿಶಿನವಾದರೂ ಸರಿ, ಒಂದು ಕೊಂಬನ್ನು ಕಿವಿಯ ಹತ್ತಿರ ಹಿಡಿದು ಲಟಕ್ಕನೆ ಮುರಿಯುವರು. ಹದವಾಗಿ ಒಣಗಿದ್ದರೆ ಕಂಚಿನ ಬಟ್ಟಲಿಗೆ ಉಗುರು ತಾಗಿಸಿದ ಹಾಗೆ ಸದ್ದು ಬರಬೇಕು. ಸದ್ದು ಮೆತ್ತಗಿದ್ದರೆ ಒಳಗೆ ಇನ್ನೂ ಹಸಿ ಇದೆ ಅಂತ. ಈ ಸದ್ದನ್ನು ಎದುರಿಗಿದ್ದವರಿಗೂ ಕೇಳಿಸದೆ ಬಿಡುತ್ತಿರಲಿಲ್ಲ. ನನ್ನ ಕಿವಿಯ ಹತ್ತಿರವೂ ಎಷ್ಟೋ ಕೊಂಬು ಮುರಿದಿದ್ದಾರೆ. ಪ್ರೆಸ್ಸಿನವನ ಕಿವಿ ಮೆಷಿನ್ನಿನ ಸದ್ದಿಗೆ ಹಾಳಾಗಿರುತ್ತದೆ, ನನಗೆ ಎಲ್ಲವೂ ಒಂದೇ ಥರ ಕೇಳುತ್ತಿತ್ತು. ಆದರೂ ಹೂಂ ಅನ್ನುತ್ತಿದ್ದೆ. ಇಷ್ಟೆಲ್ಲ ಅರಿಶಿನದವರ ಮನೆಯ ಅಡುಗೆಗೆ ಮಾತ್ರ ಅವರ ಹೆಂಡತಿ ಗೌರಮ್ಮ ಅಂಗಡಿಯಿಂದ ಪ್ಯಾಕೆಟ್ಟಿನ ಪುಡಿ ತರುತ್ತಿದ್ದರು. ಒಂದು ಮೂಟೆ ಅರಿಶಿನವನ್ನೂ ಅವರು ಮನೆಯಲ್ಲಿ ಇಟ್ಟವರಲ್ಲ. ರೇಟು ಹೇಳುವವನ ಮನೆಯಲ್ಲಿ ಮಾಲು ಇದ್ದರೆ ನಾಲಗೆ ಮಾಲಿನ ಕಡೆಗೇ ಹೊರಳುತ್ತದೆ ಅನ್ನುವುದು ಅವರ ಮಾತು.

ಭವಿಷ್ಯ ಹೇಳುವವರೆಂದು ಜನ ಅವರ ಹತ್ತಿರ ಬೇರೆ ಏನೇನೋ ಕೇಳಿಕೊಂಡು ಬರುತ್ತಿದ್ದರು. ಬದನಗುಪ್ಪೆ ಕಡೆಯ ಒಬ್ಬಾಕೆ ಮಗಳ ಜಾತಕವನ್ನೇ ಹಿಡಿದುಕೊಂಡು ನನ್ನ ಪ್ರೆಸ್ಸಿಗೆ ಬಂದಿದ್ದಳು. ನಾನು ಅರಿಶಿನದೋನು ಕಣವ್ವ, ಅರಿಶಿನ ಹಚ್ಚೋರ ಸುದ್ದಿ ನಂಗೊತ್ತಿಲ್ಲ ಅಂತ ನಗಿಸಿ ಕಳಿಸಿದರು. ಅವರಿಗೆ ಜ್ಯೋತಿಷ್ಯದ ಗಂಧ ಇರಲಿಲ್ಲ. ನೋಡುವ ಅಭ್ಯಾಸ ಇತ್ತು, ಅಷ್ಟೆ. ಓಣಂ ಹತ್ತಿರ ಬಂದರೆ ಗುಂಡ್ಲುಪೇಟೆಗೆ ಹೋಗಿ ಕೇರಳದ ಲಾರಿ ಡ್ರೈವರುಗಳು ಟೀ ಕುಡಿಯುವುದನ್ನು ನೋಡುವರು. ಕೂತು ಕುಡಿದರೆ ಚೆಂಡುಹೂವಿಗೆ ಅವಸರವಿಲ್ಲ, ನಿಂತು ಕುಡಿದರೆ ಏರುತ್ತದೆ. ಇಂಥವನ್ನು ಬಾಯಿಬಿಟ್ಟು ಎಲ್ಲರಿಗೂ ಹೇಳುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ. ಟೀ ನೋಡಿ ರೇಟು ಹೇಳ್ತಾರಾ, ಒಳಗೇನೋ ಬೇರೆ ವಿದ್ಯೆ ಇರಬೇಕು ಅಂತ ಮಾತಾಡಿಕೊಳ್ಳುತ್ತಿದ್ದರು.

ನಮ್ಮ ಕಡೆ ಒಂದು ರೂಢಿ ಇದೆ. ದೊಡ್ಡ ಮನುಷ್ಯ ಅನ್ನಿಸಿಕೊಂಡವನು ಗೊತ್ತಿದ್ದನ್ನೆಲ್ಲ ಹೇಳಬಾರದು. ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಯಾರ ಜಮೀನು ಯಾರ ಕೈಗೆ ಹೋಯಿತು ಅಂತ ಊರಿನ ಯಜಮಾನನನ್ನು ಕೇಳಿ ನೋಡಿ. ‘ನಂಗೇನ್ ಗೊತ್ತು ಬುಡಪ್ಪ’ ಅನ್ನುತ್ತಾನೆ. ಕೇಳಿದವನು ತಲೆದೂಗಿಕೊಂಡು ಹೋಗುತ್ತಾನೆ, ಯಜಮಾನನಿಗೆ ಎಲ್ಲ ಗೊತ್ತಿದೆ ಅಂತ. ರೇಟಪ್ಪನವರು ಇದೇ ಕಡೆ ಹುಟ್ಟಿ ಬೆಳೆದರೂ ಈ ರೂಢಿಗೆ ಹೊಂದಿಕೊಳ್ಳಲಿಲ್ಲ. ಅವರಿಗೆ ಗೊತ್ತಿದ್ದರೆ ಗೊತ್ತು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ. ಅದನ್ನು ಅಚ್ಚು ಹಾಕಿಸುವಷ್ಟು ಹಟ ಬೇರೆ.

ಮೊದಲ ಸಲ ಹಾಗೆ ಅಚ್ಚು ಹಾಕಿಸಿದ್ದು ಹಾಳೆ ಶುರುವಾದ ಹೊಸತರಲ್ಲಿ. ಅರಿಶಿನದ ಕೆಳಗೆ ನಾಲ್ಕು ಸಾಲಿನ ಜಾಗದಲ್ಲಿ ಒಂದೇ ಸಾಲು, ‘ಈ ವಾರ ಗೊತ್ತಿಲ್ಲ.’ ಅದಾಗಿ ಹತ್ತು ಹದಿನೈದು ದಿನಕ್ಕೆ ಉತ್ತರದ ಕಡೆ ಎಲ್ಲೋ ಅಕಾಲದ ಮಳೆ ಬಿದ್ದು ಅರಿಶಿನ ಕೊಳೆತು, ನಮ್ಮ ಕಡೆಯ ಅರಿಶಿನಕ್ಕೆ ಚಿನ್ನದ ಬೆಲೆ ಬಂತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಆದರೆ ಜನ ಬೇರೆ ಲೆಕ್ಕ ಹಾಕಿದರು. ರೇಟಪ್ಪನಿಗೆ ಗೊತ್ತಿತ್ತು, ವ್ಯಾಪಾರಿಗಳಿಗೆ ತಿಳಿಯಬಾರದು ಅಂತ ಬಾಯಿ ಬಿಡಲಿಲ್ಲ, ಮಾಲು ಇಟ್ಟುಕೊಳ್ಳಿ ಅಂತ ನಮಗೆ ಕಣ್ಣು ಮಿಟುಕಿಸಿದ. ಈ ಮಾತನ್ನು ಬೀದಿ ಬೀದಿಗೆ ಹಬ್ಬಿಸಿದವರು ತೆರಕಣಾಂಬಿಯ ಮಹದೇವಪ್ಪ. ದೊಡ್ಡ ಅರಿಶಿನದ ಬೆಳೆಗಾರರು, ರೇಟಪ್ಪನವರ ಮೇಲೆ ಪ್ರಾಣ. ಅವರೆಕಾಯಿ ಕಾಲದಲ್ಲಿ ಚೀಲದ ತುಂಬ ಸೊಗಡಿನ ಕಾಯಿ ತಂದು ಗೌರಮ್ಮನವರ ಅಡುಗೆಮನೆಯ ಬಾಗಿಲಲ್ಲಿ ಸುರಿದು ಹೋಗುತ್ತಿದ್ದರು.

ಆಮೇಲೆ ಅರಿಶಿನ ಕಂಪ್ಯೂಟರಿಗೆ ಬಂತು. ಮೂಟೆಯನ್ನು ಕಣ್ಣಲ್ಲಿ ನೋಡದೆ, ಇನ್ನು ಮೂರು ತಿಂಗಳಿಗೆ ಬರುವ ಮಾಲನ್ನು ಇವತ್ತೇ ಕೊಳ್ಳುವುದು, ಇವತ್ತೇ ಮಾರುವುದು. ವಾಯಿದಾ ವ್ಯಾಪಾರ ಅಂತ ಅದರ ಹೆಸರು. ಊರಿನಲ್ಲಿ ಏಸಿ ಹಾಕಿದ ಒಂದೆರಡು ಆಫೀಸು ತೆರೆದವು, ಇಸ್ತ್ರಿ ಅಂಗಿಯ ಹುಡುಗರು ಕೂತರು. ರೇಟಪ್ಪನವರ ಹಾಳೆಯ ಫೋಟೋ ಬುಧವಾರ ಬೆಳಗಾಗುವಷ್ಟರಲ್ಲಿ ಈರೋಡಿನ ಅರಿಶಿನದ ವ್ಯಾಪಾರಿಗಳ ಮೊಬೈಲಿನಲ್ಲೂ ಇರುತ್ತಿತ್ತು. ಇವರು ಇಳಿಯುತ್ತದೆ ಅಂದರೆ ಎಲ್ಲರೂ ಒಟ್ಟಿಗೆ ಮಾರುವರು, ಮಾರಿದ್ದಕ್ಕೇ ಇಳಿಯುವುದು. ಈ ಮುದುಕ ಬೆಲೆ ಹೇಳುತ್ತಾನೋ ಬೆಲೆ ಮಾಡುತ್ತಾನೋ ಅಂತ ಒಂದು ಪೇಪರಿನವರು ಬರೆದರು. ರೇಟಪ್ಪನವರಿಗೂ ಒಳಗೊಳಗೆ ಅದೇ ಕೊರಗು. ರೇಟು ಅಂದ್ರೆ ದೇವ್ರಲ್ಲ ಕಣ್ರಿ, ಜನದ ಭಯ, ಅದನ್ನ ನೋಡ್ಕಂಡಿದ್ದೋನು ನಾನು, ಈಗ ಎಲ್ಲಾ ನನ್ ಮುಖಾನೇ ನೋಡ್ತಾ ಕುಂತವ್ರೆ, ನಾನಿನ್ನೇನ ನೋಡ್ಲಿ ಅಂತ ಒಂದು ದಿನ ಬೇಸರದಲ್ಲಿ ಹೇಳಿದ್ದರು.

ಹಾಗಿರುವಾಗ ಆ ಮಂಗಳವಾರ ಬಂತು. ಎಲ್ಲರ ಮನೆಯಲ್ಲೂ ಅರಿಶಿನ ಬೇಯಿಸಿ ಒಣಗಿಸಿ ತುಂಬಿಟ್ಟಿದ್ದ ಕಾಲ. ರೇಟಪ್ಪನವರು ಬೆಳಿಗ್ಗೆ ಬಂದು ಕೂತವರು ಚೆಂಡುಹೂ, ಈರುಳ್ಳಿ ಎಲ್ಲ ಬರೆದರು. ಅರಿಶಿನಕ್ಕೆ ಬಂದು ಪೆನ್ನು ನಿಂತಿತು. ಜೇಬಿನ ಕೊಂಬುಗಳನ್ನೆಲ್ಲ ಒಂದೊಂದಾಗಿ ಮುರಿದು ಕಿವಿ ಕೊಟ್ಟರು. ಮುರಿದ ಚೂರು ನನ್ನ ಟೇಬಲ್ಲಿನ ಮೇಲೆಲ್ಲ ಹರಡಿತು. ಊಟಕ್ಕೆ ಏಳಲಿಲ್ಲ. ‘ಇದು ಒಣಗಿರೋದ ಏಳ್ತದೆ ಕಣ್ರಿ, ರೇಟು ಏನಾಯ್ತದೆ ಅಂತ ಏಳಾಕಿಲ್ಲ’ ಅಂದು ಕೈ ಒರೆಸಿಕೊಂಡರು. ಮುಖದಲ್ಲಿ ದಾರಿ ತಪ್ಪಿದವರ ಕಳೆ. ನಾನು ಆ ಮುಖವನ್ನು ಎರಡು ಅಡಿ ದೂರದಿಂದ ನೋಡಿದ್ದೇನೆ. ‘ಸ್ಥಿರವಾಗಿರುತ್ತದೆ’ ಅಂತ ಹಾಕೋಣ, ರೇಡಿಯೋದವರು ಹಾಕುವ ಹಾಗೆ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೂ ಆಗುತ್ತದೆ ಅಂದೆ. ಬೇಡವಾದರೆ ಆ ಜಾಗಕ್ಕೆ ಕಲ್ಯಾಣಮಂಟಪದ ಜಾಹೀರಾತು ಇದೆ ಅಂದೆ. ಒಪ್ಪಲಿಲ್ಲ. ನನ್ ನಂಬಿ ಹಾಳೆ ತಕ್ಕೊಳ್ಳೋರಿಗೆ ಗೊತ್ತಿಲ್ಲ ಅನ್ನೋದೂ ಗೊತ್ತಾಗ್ಬೇಕು, ಹಾಕಿ ಅಂದರು. ಹಾಕಿದೆ. ‘ಈ ವಾರ ಗೊತ್ತಿಲ್ಲ.’

ಬುಧವಾರ ತೆರಕಣಾಂಬಿಯಲ್ಲಿ ಹಬ್ಬವೇ ಆಯಿತಂತೆ. ಮಹದೇವಪ್ಪ ಹಾಳೆಯನ್ನು ತಲೆಯ ಮೇಲೆ ಹಿಡಿದು, ರೇಟಪ್ಪ ಬಾಯಿ ಮುಚ್ಚಿದ್ದಾನೆ, ಯಾರೂ ಒಂದು ಕೊಂಬನ್ನೂ ಮಾರಬೇಡಿ ಅಂದರಂತೆ. ಯಾರೂ ಮಾರಲಿಲ್ಲ. ಕಂಪ್ಯೂಟರಿನವರೂ ಸುದ್ದಿ ಹಿಡಿದು ಕೊಂಡಿದ್ದೇ ಕೊಂಡದ್ದು. ಮುಂದಿನ ವಾರದಿಂದ ಅರಿಶಿನ ಬಿತ್ತು. ಬಿದ್ದದ್ದು ಆ ವರ್ಷವೆಲ್ಲ ಏಳಲಿಲ್ಲ. ಕೊನೆಗೆ ಹುಳು ಹಿಡಿಯುವ ಮೊದಲು ಬಂದ ಬೆಲೆಗೆ ಎತ್ತಿ ಹಾಕಿದರು. ಪ್ರೀತಿ ಎಷ್ಟು ಎತ್ತರದಿಂದ ಬೀಳುತ್ತದೋ ಅಷ್ಟು ಪೆಟ್ಟಾಗುತ್ತದೆ. ವ್ಯಾಪಾರಿಗಳ ಹತ್ತಿರ ತಿಂದು ನಮಗೆ ಸುಳ್ಳು ಸನ್ನೆ ಮಾಡಿದ ಅಂತ ಊರೆಲ್ಲ ಹೇಳಿತು. ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಮೊದಲ ಸಹಿ ಮಹದೇವಪ್ಪನವರದು.

ಸನ್ನೆಯೇ ಇರಲಿಲ್ಲವಲ್ಲ ಅಂತ ಕೇಳುವವರಿಲ್ಲ. ಆ ಮಂಗಳವಾರದ ಹಿಂದಿನ ದಿನ ಒಬ್ಬ ದೊಡ್ಡ ವ್ಯಾಪಾರಿ ಅವರ ಮನೆಗೆ ಬಂದು ಹೋಗಿದ್ದ, ಅದೇ ಸಾಕ್ಷಿಯಾಯಿತು. ಅವನು ಬಂದಿದ್ದು ಮಗಳ ಮದುವೆಗೆ ಕರೆಯುವುದಕ್ಕೆ. ಕಾರ್ಡು ನನ್ನ ಪ್ರೆಸ್ಸಿನದೇ. ಕೋರ್ಟಿಗೆ ಹೋಗಿ ಹೇಳಿದೆ. ಕಾರ್ಡು ನಿಮ್ಮದು ಸರಿ, ಕಾರ್ಡು ಕೊಡುವಾಗ ಏನು ಮಾತಾಡಿಕೊಂಡರು ಅಂತ ನಿಮಗೆ ಗೊತ್ತಾ ಅಂತ ವಕೀಲರು ಕೇಳಿದರು. ನಾನು ಅಲ್ಲಿರಲಿಲ್ಲ. ಅವನು ವಾಯಿದಾ ವ್ಯಾಪಾರದಲ್ಲಿ, ಎಲ್ಲರೂ ಕೊಳ್ಳುತ್ತಿದ್ದ ಆ ವಾರ, ಮಾರಿ ಗೆದ್ದಿದ್ದ. ಅವನು ಗೆದ್ದದ್ದೂ ಇವರು ಸುಮ್ಮನಿದ್ದದ್ದೂ ಒಂದಕ್ಕೊಂದು ಗಂಟು ಬಿತ್ತು. ರೇಟಪ್ಪನವರಿಗೆ ಶಿಕ್ಷೆಯಾಯಿತು. ಅಪೀಲು ಮುಗಿದು ಬರುವಷ್ಟರಲ್ಲಿ ಎರಡು ವರ್ಷದ ಮೇಲೆ ಮೈಸೂರಿನ ಜೈಲಿನಲ್ಲಿದ್ದರು.

ನೋಡುವುದಕ್ಕೆ ಹೋಗುತ್ತಿದ್ದೆ. ಒಂದು ಸಲ ಗೌರಮ್ಮನವರ ಜೊತೆ, ಬಹಳ ಸಲ ಒಬ್ಬನೇ. ಜೇಬು ಬಿಳುಪಾಗಿತ್ತು. ಜೈಲಿನಲ್ಲೂ ಅವರನ್ನು ಬಿಟ್ಟಿರಲಿಲ್ಲ. ನನಗೆ ಬಿಡುಗಡೆ ಯಾವಾಗ ಅಂತ ಕೈದಿಗಳು, ಚಿನ್ನ ಇಳಿಯುತ್ತಾ ಅಂತ ವಾರ್ಡರುಗಳು. ಗೊತ್ತಿಲ್ಲ ಅಂದರೆ, ಭಾರಿ ಗಟ್ಟಿ ಆಸಾಮಿ ಅಂತ ಇನ್ನಷ್ಟು ಗೌರವ. ಅಪೀಲಿನಲ್ಲಿ ಬಿಡುಗಡೆಯಾದ ದಿನ ನಾನು ಸಿಹಿ ಹಿಡಿದುಕೊಂಡು ಹೋದೆ. ಅವರು ಮುಟ್ಟಲಿಲ್ಲ. ಸಾಕ್ಷ್ಯ ಸಾಲದು ಅಂತ ಕೋರ್ಟು ಬಿಟ್ಟಿತ್ತು. ‘ನಂಗೊತ್ತಿತ್ತು ಅನ್ನಕ್ಕೆ ಪುರಾವೆ ಇಲ್ಲ ಅಂದ್ರು. ನಂಗೊತ್ತಿರ್ನಿಲ್ಲ ಅಂತ ಅವ್ರೂ ಅನ್ನಿಲ್ಲ ಕಣ್ರಿ’ ಅಂದರು. ಅದು ಅವರ ಎದೆಯಲ್ಲಿ ಉಳಿದ ಮುಳ್ಳು. ಜೈಲಿಗಿಂತ ಅದೇ ಅವರನ್ನು ತಿಂದಿತು ಅಂತ ನನಗೆ ಇವತ್ತೂ ಅನ್ನಿಸುತ್ತದೆ.

ಬಂದವರು ಹಾಳೆ ಮತ್ತೆ ಶುರು ಮಾಡಲಿಲ್ಲ. ಹಾಳೆಯಷ್ಟೇ ಅಲ್ಲ, ಮುಂದಿನದರ ಮಾತೇ ನಿಲ್ಲಿಸಿದರು. ಮೋಡ ಕಪ್ಪಗೆ ಕವಿದಿದ್ದರೂ ಮಳೆ ಬರುತ್ತಾ ಅಂತ ಕೇಳಿದರೆ ಸುಮ್ಮನಿರುತ್ತಿದ್ದರು. ಒಣಗಿದ ಬಟ್ಟೆ ಎತ್ತಬೇಕೋ ಬೇಡವೋ ಅಂತ ಕೇಳಿದ್ರೂ ಬಾಯ್ ಬುಡಾಕಿಲ್ಲ ಅಂತ ಗೌರಮ್ಮ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದರಂತೆ. ಆ ಮೌನಕ್ಕೂ ಜನ ಅರ್ಥ ಹಚ್ಚಿದರು. ಸಂಜೆ ಪ್ರೆಸ್ಸಿಗೆ ಬಂದು ಕೂತು, ಯಾರದೋ ಮದುವೆ ಕಾರ್ಡಿನ ಕಟ್ಟುಗಳಿಗೆ ದಾರ ಸುತ್ತಿಕೊಟ್ಟು ಹೋಗುವರು. ಕಾರ್ಡಿನ ಮೂಲೆಗೆ ಹಚ್ಚುವ ಅರಿಶಿನದ ಬಟ್ಟಲನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದನ್ನು ನಾನೇ ಮಾಡುತ್ತಿದ್ದೆ.

ಹೀಗಿರುವಾಗ ಶೈನಿ ಬಂದಳು. ವಯನಾಡಿನ ಹುಡುಗಿ, ಡಾಕ್ಯುಮೆಂಟರಿ ತೆಗೆಯುವವಳು. ಅವಳ ತಂದೆ ಗುಂಡ್ಲುಪೇಟೆಗೆ ಬಂದು ತರಕಾರಿ ಕೊಳ್ಳುತ್ತಿದ್ದವರು, ಚಿಕ್ಕಂದಿನಲ್ಲಿ ಮನೆಯಲ್ಲಿ ರೇಟಪ್ಪನವರ ಕಥೆ ಕೇಳಿ ಬೆಳೆದಿದ್ದಳು. ಮಲಯಾಳದ ರಾಗದಲ್ಲಿ ಚೆನ್ನಾಗಿ ಕನ್ನಡ ಆಡುತ್ತಿದ್ದಳು. ಭವಿಷ್ಯ ಹೇಳಿ ಜೈಲಿಗೆ ಹೋದ ಮನುಷ್ಯನ ಮೇಲೆ ಒಂದು ಚಿತ್ರ ಅಂದಳು. ಅವರು ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ನನ್ನ ಪ್ರೆಸ್ಸಿನಲ್ಲಿ, ಒಂದೇ ಕರಾರಿನ ಮೇಲೆ. ಆ ವಾರ ತಮಗೆ ಗೊತ್ತಿರಲಿಲ್ಲ ಅನ್ನುವ ಮಾತನ್ನು ಅವಳು ಕತ್ತರಿಸದೆ ಇಡಬೇಕು, ಅದರ ಹಿಂದೆ ಮ್ಯೂಸಿಕ್ಕು ಹಾಕಬಾರದು.

‘ಅದೊಂದ್ ಮಾತಿಗೋಸ್ಕರ ಕುಂತ್ಕತೀನಿ ಕಣಮ್ಮಿ. ಕೇಳಿ ಒಬ್ರು ನಂಬುದ್ರೂ ಸಾಕು.’

ನಾನು ನಂಬಿದ್ದೇನಲ್ಲ ಅಂದೆ. ನೀವು ಲೆಕ್ಕಕ್ಕಿಲ್ಲ, ನೀವು ಪಕ್ಕದಲ್ಲೇ ಇದ್ರಿ, ಕಂಡಿದ್ದನ್ನ ನಂಬೋದು ದೊಡ್ಡದಲ್ಲ, ಕಾಣದೆ ಇದ್ದೋರು ಒಬ್ರು ನಂಬ್ಬೇಕು ಅಂದರು. ಮನೆಯಲ್ಲಿ ಗೌರಮ್ಮ ಇದ್ದಾರಲ್ಲ ಅಂದೆ. ಅದಕ್ಕೆ ಅವರು ನಕ್ಕರು. ಅವಳಿಗೆ ನಾನು ಬಾಯ್ಬುಟ್ಟು ಏಳ್ಬೇಕಾ, ಇಷ್ಟು ವರ್ಷ ಬಾಳಿಲ್ವಾ ಅಂದರು. ಜೈಲಿನಿಂದ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ.

ಶೂಟಿಂಗಿನಲ್ಲಿ ಶೈನಿ ಅವರ ಕೈಗೆ ಒಂದು ಅರಿಶಿನದ ಕೊಂಬು ಕೊಟ್ಟು, ಮೊದಲಿನ ಹಾಗೆ ಮುರಿಯಿರಿ ಅಂದಳು. ಕಿವಿಯ ಹತ್ತಿರ ಹಿಡಿದು ಮುರಿದರು. ಮುರಿದು ಹಾಗೇ ನಿಂತರು. ಇನ್ನೊಂದು ಕೊಂಬು ಈಸಿಕೊಂಡು ಇನ್ನೊಂದು ಕಿವಿಯ ಹತ್ತಿರ ಮುರಿದರು. ಆಮೇಲೆ ಅವಳ ಕಡೆ ತಿರುಗಿ, ನಂಗೆ ಈಗ ಕೇಳ್ಸಾಕಿಲ್ಲ, ನೀನೇ ಕೇಳ್ಕ ಅಂತ ಮೂರನೆಯದನ್ನು ಅವಳ ಕಿವಿಯ ಹತ್ತಿರ ಮುರಿದರು. ನಾನು ಹಿಂದೆ ನಿಂತು ಕನ್ನಡಕ ಒರೆಸುತ್ತಿರುವುದು ಆಗಲೇ. ಗೌರಮ್ಮನವರನ್ನೂ ಮಾತಾಡಿಸಬೇಕು ಅಂತ ಶೈನಿ ಆಸೆಪಟ್ಟಳು. ಅವರು ಬರಲಿಲ್ಲ. ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಹೋದರು.

ಚಿತ್ರ ಮುಗಿಯುವ ಮೊದಲೇ ರೇಟಪ್ಪನವರು ಹೋದರು. ಬಿಸಿಲಿನ ಕಾಲ, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಜಗುಲಿಯ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರು. ಹರವೆಯಲ್ಲಿ ಮಣ್ಣು ಮಾಡಿದೆವು. ಮಹದೇವಪ್ಪನವರೂ ಬಂದು ದೂರದಲ್ಲಿ ನಿಂತಿದ್ದು, ಎಲ್ಲರೂ ಹೋದ ಮೇಲೆ ಒಂದು ಹಿಡಿ ಮಣ್ಣು ಹಾಕಿದರು. ಗೌರಮ್ಮ ಅಳಲಿಲ್ಲ. ಜೈಲಿಗೆ ಕರೆದುಕೊಂಡು ಹೋದ ದಿನವೂ ಅತ್ತಿರಲಿಲ್ಲ. ಗಟ್ಟಿ ಹೆಂಗಸು ಅಂತ ಎಲ್ಲರೂ ಅಂದರು, ನಾನೂ ಹಾಗೇ ತಿಳಿದಿದ್ದೆ.

ಕಲ್ಯಾಣಮಂಟಪದ ಕಿಟಕಿಗಳಿಗೆ ಶಾಮಿಯಾನದ ಬಟ್ಟೆ ಕಟ್ಟಿ ಮಧ್ಯಾಹ್ನವೇ ಕತ್ತಲು ಮಾಡಿದ್ದರು. ಕುರ್ಚಿ ಸಾಲದೆ ಜನ ಗೋಡೆಗೆ ಆತು ನಿಂತಿದ್ದರು. ತೆರಕಣಾಂಬಿಯಿಂದ ಟೆಂಪೋ ಮಾಡಿಕೊಂಡು ಬಂದಿದ್ದರು. ಮಹದೇವಪ್ಪ ಮುಂದಿನ ಸಾಲಿನಲ್ಲಿ, ಅವರ ಹಿಂದೆ ಗೌರಮ್ಮ, ಪಕ್ಕದಲ್ಲಿ ನಾನು. ಶೈನಿ ಮಾತು ಉಳಿಸಿಕೊಂಡಿದ್ದಳು. ಕೊನೆಯಲ್ಲಿ ಪರದೆಯ ತುಂಬ ಅವರ ಮುಖ, ಮ್ಯೂಸಿಕ್ಕಿಲ್ಲ. ಹರಾಜು ಕೂಗಿ ಸವೆದ ಆ ಗಂಟಲಲ್ಲಿ ನಿಧಾನವಾಗಿ ಹೇಳಿದರು.

‘ಆ ವಾರ ನಂಗೆ ಗೊತ್ತಿರ್ನಿಲ್ಲ. ಸತ್ಯವಾಗ್ಲೂ ಗೊತ್ತಿರ್ನಿಲ್ಲ ಕಣ್ರಪ್ಪ.’

ಹಿಂದೆ ಎಲ್ಲೋ ಒಬ್ಬ ಚಪ್ಪಾಳೆ ತಟ್ಟಿದ. ಮಂಟಪವೆಲ್ಲ ತಟ್ಟಿತು. ಶಿಳ್ಳೆ ಬಿತ್ತು. ನನ್ನ ಹಿಂದಿನವನು ಪಕ್ಕದವನಿಗೆ, ನೋಡ್ಲಾ, ಸಾಯಗಂಟ ಬಾಯ್ ಬುಡ್ನಿಲ್ಲ, ಗಂಡು ಅಂದ್ರೆ ಗಂಡು ಅಂದ. ಮಹದೇವಪ್ಪ ಎದ್ದು ನಿಂತು ಪರದೆಗೆ ಕೈಮುಗಿದರು. ಕಣ್ಣಲ್ಲಿ ನೀರು. ತಿರುಗಿ ಗೌರಮ್ಮನವರ ಕೈ ಹಿಡಿದುಕೊಂಡು, ‘ಗೊತ್ತಿತ್ತು ಕಣವ್ವ ಅವ್ರಿಗೆ. ಯಾರ್ ಮಾನ ಉಳ್ಸಕ್ಕೋ ಏಳ್ನಿಲ್ಲ. ದೊಡ್ಡ ಮನ್ಷ. ನಾನು ದೂರು ಕೊಟ್ಟಿದ್ ಪಾಪ’ ಅಂದರು. ಅವರು ಮನಸ್ಸಿನಿಂದಲೇ ಕ್ಷಮೆ ಕೇಳುತ್ತಿದ್ದರು. ನನಗೆ ಮಾತ್ರ ಅವರ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಶೈನಿ ಬಾಗಿಲ ಹತ್ತಿರ ನಿಂತು ಚಪ್ಪಾಳೆ ಕೇಳುತ್ತಿದ್ದಳು, ಅವಳ ಮುಖ ಬಿಳಿಚಿಕೊಂಡಿತ್ತು.

ಸಂಜೆಯ ಬಸ್ಸಿಗೆ ನಾನೂ ಗೌರಮ್ಮನವರೂ ಚಾಮರಾಜನಗರಕ್ಕೆ ಹೊರಟೆವು. ಬೇಗೂರು ಕಡೆಯ ಮೋಡ ಕಿಟಕಿಯಲ್ಲಿ ಜೊತೆಗೇ ಬರುತ್ತಿತ್ತು. ಊರು ದಾಟಿದ ಮೇಲೆ ಅವರು ನನ್ನ ಕಡೆ ತಿರುಗದೆ ಕೇಳಿದರು.

‘ನೀವು ಪಕ್ಕದಲ್ಲೇ ಇದ್ರಿ. ನಿಜ ಏಳಿ. ಅವ್ರಿಗೆ ಗೊತ್ತಿತ್ತು ತಾನೆ?’

ಇಷ್ಟು ವರ್ಷ ಬಾಳಿಲ್ವಾ ಅಂದ ಆ ನಗು ನೆನಪಾಯಿತು. ಸುಳ್ಳು ಹೇಳುವುದಕ್ಕೆ ಬಾಯಿ ಬರಲಿಲ್ಲ. ಆ ಮಂಗಳವಾರದ್ದನ್ನೆಲ್ಲ ಹೇಳಿದೆ. ಪೆನ್ನು ನಿಂತದ್ದು, ಟೇಬಲ್ಲಿನ ಮೇಲೆ ಚೂರು ಹರಡಿದ್ದು, ಊಟಕ್ಕೆ ಏಳದೆ ಕೂತದ್ದು, ಆ ಮುಖ. ಅವರಿಗೆ ಗೊತ್ತಿರಲಿಲ್ಲಮ್ಮ ಅಂದೆ.

ತೆರಕಣಾಂಬಿ ಬಂತು. ಜನ ಇಳಿದರು, ಹತ್ತಿದರು. ಬಸ್ಸು ಮತ್ತೆ ಹೊರಟ ಮೇಲೆ ಗೌರಮ್ಮ ಹೇಳಿದರು.

‘ಯಾರ್ನೋ ಉಳ್ಸಕ್ಕೆ ಬಾಯ್ ಕಟ್ಕಂಡವ್ರೆ ಅನ್ಕಂಡಿದ್ದಿ ನಾನು. ದೊಡ್ಡ ಕಾರ್ಯಕ್ಕೆ ಓಗವ್ರೆ, ನಾನು ಅಳ್ಬಾರ್ದು ಅಂತ ಇದ್ದಿ. ಏನೂ ಗೊತ್ತಿಲ್ದೆ ಓದ್ರಾ ಜೈಲ್ಗೆ? ಸುಮ್ ಸುಮ್ನೆ ಓದ್ರಾ?’

ನಾನು ಹೌದು ಅಂದೆ. ಕಂಡಕ್ಟರು ಬಂದು ನಿಂತು, ನಮ್ಮನ್ನು ನೋಡಿ, ಚೀಟಿ ಕೇಳದೆ ಹಿಂದಕ್ಕೆ ಹೋದ. ಕಾಣದೆ ಇದ್ದವರು ಒಬ್ಬರು ನಂಬಿದರೆ ಸಾಕು ಅಂತ ರೇಟಪ್ಪನವರು ಕೇಳಿದ್ದರು. ಆ ಒಬ್ಬರು ನನ್ನ ಪಕ್ಕದ ಸೀಟಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು.